ಮೆಟ್ಟಿಲೇರುವ ಕುರ್ಚಿಗೂ ಆರೈಕೆ ಬೇಕು

ಮೊಣಕಾಲು ಗಟ್ಟಿಯಿರುವಾಗ ಮೆಟ್ಟಿಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ಪ್ರಾಯ ಸಂದಂತೆ ಅದೇ ಹದಿನಾರು ಮೆಟ್ಟಿಲುಗಳು ಬೆಟ್ಟವಾಗುತ್ತವೆ. ಮಂಡಿನೋವು, ಪಾರ್ಶ್ವವಾಯು, ಉಬ್ಬಸ, ಕಾರಣ ಯಾವುದೇ ಇರಲಿ, ಮಲಗುವ ಕೋಣೆ ಮೇಲಿದ್ದು ಊಟದ ಮೇಜು ಕೆಳಗಿದ್ದರೆ ಹಿರಿಯರು ಕ್ರಮೇಣ ಮೇಲೆಯೇ ಉಳಿದುಬಿಡುತ್ತಾರೆ. ಇಂತಹವರಿಗಾಗಿ ಈಗ ನಮ್ಮ ನಗರಗಳ ಕೆಲವು ಮನೆಗಳಿಗೂ ಸ್ಟೇರ್‌ಲಿಫ್ಟ್, ಅಂದರೆ ಮೆಟ್ಟಿಲೇರುವ ಕುರ್ಚಿ ಬಂದಿದೆ. ಕೊಲ್ಲಿಯಲ್ಲಿ ದುಡಿಯುವ ಮಗ ಹಣ ಕಳುಹಿಸುತ್ತಾನೆ, ಕಂಪೆನಿಯವರು ಜೋಡಿಸಿ ಹೋಗುತ್ತಾರೆ. ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಹೆಚ್ಚಿನ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಕುರ್ಚಿ ಕೆಟ್ಟು ನಿಂತ ದಿನವೇ!

ಈ ಯಂತ್ರ ಹೊಸದೇನಲ್ಲ. 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸಿ.ಸಿ. ಕ್ರಿಸ್ಪನ್ ಎಂಬವರು ಮೆಟ್ಟಿಲಿಳಿಯಲಾಗದ ಗೆಳೆಯರೊಬ್ಬರ ಕಷ್ಟ ನೋಡಿ ಇಂತಹದೊಂದು ಕುರ್ಚಿಯನ್ನು ರೂಪಿಸಿದರು. ಇಂದಿನ ಕುರ್ಚಿಯ ಹಳಿಯನ್ನು ಸಾಮಾನ್ಯವಾಗಿ ಗೋಡೆಗಲ್ಲ, ಮೆಟ್ಟಿಲುಗಳಿಗೇ ಬಿಗಿಯಲಾಗುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಹಳಿಯುದ್ದಕ್ಕೂ ಹಲ್ಲುಗಳಿದ್ದು, ಮೋಟಾರಿನ ಗಾಲಿ ಆ ಹಲ್ಲುಗಳನ್ನು ಹಿಡಿದು ಏರುತ್ತದೆ. ಯುರೋಪಿನ ಮಾನದಂಡದಂತೆ ವೇಗ ಸೆಕೆಂಡಿಗೆ 15 ಸೆಂಟಿಮೀಟರ್ ಮೀರುವಂತಿಲ್ಲ. ಆದ್ದರಿಂದ ಒಂದು ಮಹಡಿ ಏರಲು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ನಿಧಾನವಾಗಿರುವುದು ದೋಷವಲ್ಲ, ಅದು ಸುರಕ್ಷತೆ.

ಸ್ವಿಚ್ ಆರಿಸಬೇಡಿ

ಈ ಕುರ್ಚಿ ನೇರವಾಗಿ ಮನೆಯ ವಿದ್ಯುತ್ತಿನಿಂದ ಓಡುತ್ತದೆಂದು ಅನೇಕರು ತಿಳಿದಿದ್ದಾರೆ. ಹೆಚ್ಚಿನವು ಓಡುವುದು ಒಳಗಿರುವ ಎರಡು 12 ವೋಲ್ಟ್ ಬ್ಯಾಟರಿಗಳಿಂದ. ಗೋಡೆಯ ವಿದ್ಯುತ್ ಅವುಗಳನ್ನು ಚಾರ್ಜ್ ಮಾಡುತ್ತದೆ, ಅಷ್ಟೇ. ಕರೆಂಟು ಹೋದರೂ ಕುರ್ಚಿ ಹಲವು ಬಾರಿ ಹತ್ತಿಳಿಯುವುದು ಇದರಿಂದಲೇ. ಆದರೆ ಇದೇ ಗುಣ ನಮ್ಮ ಮನೆಗಳಲ್ಲಿ ತೊಂದರೆಯನ್ನೂ ತರುತ್ತದೆ. ರಾತ್ರಿ ಮಲಗುವಾಗ ಎಲ್ಲ ಸ್ವಿಚ್‌ಗಳನ್ನು ಆರಿಸುವುದು ನಮಗೆ ಅಭ್ಯಾಸ. ಚಾರ್ಜರಿನ ಸ್ವಿಚ್ಚನ್ನೂ ಆರಿಸಿದರೆ ಕುರ್ಚಿ ಮರುದಿನವೂ ಓಡುತ್ತದೆ, ಅದರ ಮರುದಿನವೂ ಓಡಬಹುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಅದು ಹಿರಿಯರನ್ನು ಕೂರಿಸಿಕೊಂಡೇ ನಡುದಾರಿಯಲ್ಲಿ ನಿಲ್ಲುತ್ತದೆ.

ಬ್ಯಾಟರಿ ಖಾಲಿಯಾಗಿಯೇ ಉಳಿದರೆ ಅದರ ಶಕ್ತಿ ಶಾಶ್ವತವಾಗಿ ಕುಂದುತ್ತದೆ. ಆದ್ದರಿಂದ ಚಾರ್ಜರಿನ ಸ್ವಿಚ್ಚಿನ ಮೇಲೆ 'ಆರಿಸಬೇಡಿ' ಎಂದು ಬರೆದು ಅಂಟಿಸಿರಿ. ಕುರ್ಚಿಯನ್ನು ಯಾವಾಗಲೂ ಚಾರ್ಜ್ ಆಗುವ ಜಾಗದಲ್ಲೇ ನಿಲ್ಲಿಸಿರಿ. ಹೆಚ್ಚಿನ ಮಾದರಿಗಳಲ್ಲಿ ಅದು ಹಳಿಯ ಎರಡು ತುದಿಗಳಲ್ಲಿರುತ್ತದೆ. ಬೇರೆಡೆ ನಿಲ್ಲಿಸಿದರೆ ಹಲವು ಕುರ್ಚಿಗಳು ಬೀಪ್ ಎಂದು ಎಚ್ಚರಿಸುತ್ತವೆ. ಆ ಸದ್ದನ್ನು ಕಿರಿಕಿರಿಯೆಂದು ಕಡೆಗಣಿಸದಿರಿ. ಬ್ಯಾಟರಿಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತವೆ. ಸೆಕೆ ಹೆಚ್ಚಿರುವ ಊರುಗಳಲ್ಲಿ ಬೇಗ ಸೋಲುತ್ತವೆ. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯದನ್ನು ಕಸಕ್ಕೆ ಎಸೆಯದೆ ಮಾರಾಟಗಾರರಿಗೇ ಮರಳಿಸಿರಿ.

ನೀರು, ಎಣ್ಣೆ ಮತ್ತು ಸೆರಗು

ಮೆಟ್ಟಿಲಿಗೆ ಬಕೆಟ್ಟಿನಲ್ಲಿ ನೀರು ಹೊಯ್ದು ತೊಳೆಯುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಕುರ್ಚಿ ಬಂದ ಮೇಲೆ ಆ ಪದ್ಧತಿ ನಿಲ್ಲಬೇಕು. ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಹಳಿಯ ಧೂಳು, ಕೂದಲು, ಇರುವೆಗಳನ್ನು ವಾರಕ್ಕೊಮ್ಮೆ ಒಣಬಟ್ಟೆಯಿಂದ ತೆಗೆಯಿರಿ. ಕಿರ್ರೆನ್ನುತ್ತದೆಂದು ತೆಂಗಿನೆಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಸುರಿಯಬೇಡಿ. ಎಣ್ಣೆಗೆ ಧೂಳು ಅಂಟಿ ಹಲ್ಲುಗಳ ನಡುವೆ ಗಟ್ಟಿಯಾಗುತ್ತದೆ. ಕೆಲವು ಹಳಿಗಳಿಗೆ ಗ್ರೀಸ್ ಬೇಕು, ಕೆಲವಕ್ಕೆ ಬೇಡ. ಕೈಪಿಡಿ ಹೇಳಿದ್ದನ್ನು ಮಾತ್ರ ಬಳಸಿರಿ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಸ್ಕ್ರೂ, ಚಾರ್ಜಿಂಗ್ ತಗಡು ತುಕ್ಕು ಹಿಡಿಯುವುದುಂಟು. ಮಳೆಗಾಲ ಮುಗಿದೊಡನೆ ತಂತ್ರಜ್ಞರಿಂದ ಪರೀಕ್ಷಿಸಿಕೊಳ್ಳುವುದು ಲೇಸು. ಸಿಡಿಲಿನಿಂದ ಚಾರ್ಜರನ್ನು ಕಾಪಾಡುವ ಸಾಧನವೊಂದನ್ನೂ ಹಾಕಿಸಿರಿ.

ಸೀರೆಯ ಸೆರಗು, ದುಪ್ಪಟ್ಟಾ, ಬುರ್ಖಾದ ಅಂಚು ಹಳಿಗೆ ಸಿಲುಕದಂತೆ ಮಡಿಲಿನ ಮೇಲೆ ಎಳೆದುಕೊಂಡೇ ಹೊರಡಬೇಕು. ಮೊಮ್ಮಕ್ಕಳಿಗೆ ಇದು ಆಟಿಕೆಯಲ್ಲ. ಬೀಗದ ಕೈ ಇದ್ದರೆ ತೆಗೆದಿಡಿ.

ತಿಂಗಳಿಗೊಮ್ಮೆ ಐದು ನಿಮಿಷ

ಕುರ್ಚಿಯಲ್ಲಿ ಯಾರೂ ಇಲ್ಲದಾಗ ರಿಮೋಟಿನಿಂದ ಅದನ್ನು ಓಡಿಸಿ, ದಾರಿಯಲ್ಲೊಂದು ದಿಂಬನ್ನಿಡಿ. ಕಾಲಿಡುವ ಹಲಗೆ ತಾಗಿದೊಡನೆ ಕುರ್ಚಿ ನಿಲ್ಲಬೇಕು. ನಿಲ್ಲದಿದ್ದರೆ ಅಂದಿನಿಂದಲೇ ಬಳಕೆ ನಿಲ್ಲಿಸಿ ಕಂಪೆನಿಗೆ ತಿಳಿಸಿರಿ. ಗುಂಡಿಯಿಂದ ಬೆರಳು ತೆಗೆದಾಗಲೂ ಅದು ನಿಲ್ಲಬೇಕು. ಬೆಲ್ಟ್ ಸರಿಯಾಗಿ ಸಿಕ್ಕಿಕೊಳ್ಳುತ್ತದೆಯೇ, ಮೇಲೆ ತಲುಪಿದಾಗ ಆಸನ ಮಹಡಿಯ ಕಡೆಗೆ ತಿರುಗಿ ಭದ್ರವಾಗಿ ನಿಲ್ಲುತ್ತದೆಯೇ ನೋಡಿರಿ. ಹಿರಿಯರು ಏಳುವಾಗ ಮೆಟ್ಟಿಲಿನತ್ತ ಬೀಳದಿರಲು ಇದೇ ರಕ್ಷಣೆ.

ಕುರ್ಚಿ ಕದಲದಿದ್ದರೆ ಗಾಬರಿ ಬೇಡ. ಆಸನ ಪೂರ್ತಿ ಮರಳಿ ತಿರುಗಿದೆಯೇ? ಕೈಯಾಸರೆ ಕೆಳಗಿದೆಯೇ? ಕಾಲಿನ ಹಲಗೆಯ ಕೆಳಗೆ ಚಪ್ಪಲಿ ಸಿಲುಕಿದೆಯೇ? ಕುರ್ಚಿಯ ಸ್ವಿಚ್ ಹಾಕಿದೆಯೇ? ಅನೇಕ ಸಲ ಸಮಸ್ಯೆ ಇಲ್ಲೇ ಇರುತ್ತದೆ. ಆದರೆ ಮುಚ್ಚಳ ಬಿಚ್ಚುವ ಕೆಲಸ ಊರಿನ ಎಲೆಕ್ಟ್ರಿಶಿಯನ್‌ಗೆ ಬೇಡ. ವರ್ಷಕ್ಕೊಮ್ಮೆಯಾದರೂ ತರಬೇತಿ ಪಡೆದ ತಂತ್ರಜ್ಞರೇ ಬ್ರೇಕ್, ಬೋಲ್ಟ್, ಬ್ಯಾಟರಿ ಪರೀಕ್ಷಿಸಬೇಕು. ಕೊಳ್ಳುವ ಮೊದಲೇ ಕೇಳಿರಿ: ತಂತ್ರಜ್ಞರು ಎಲ್ಲಿಂದ ಬರುತ್ತಾರೆ? ಎಷ್ಟು ದಿನದಲ್ಲಿ? ಬಿಡಿಭಾಗ ದೇಶದಲ್ಲೇ ಸಿಗುತ್ತದೆಯೇ? ವಾರ್ಷಿಕ ಒಪ್ಪಂದದಲ್ಲಿ ಬ್ಯಾಟರಿಯೂ ಸೇರಿದೆಯೇ?

ಕುರ್ಚಿ ಒಮ್ಮೆ ನಡುದಾರಿಯಲ್ಲಿ ಕೈಕೊಟ್ಟರೆ ಅದನ್ನು ಸರಿಪಡಿಸಬಹುದು. ಆದರೆ ಅದರಲ್ಲಿ ಕುಳಿತಿದ್ದವರ ಭಯವನ್ನು ಹೋಗಲಾಡಿಸುವುದು ಸುಲಭವಲ್ಲ. 'ನನಗೆ ಇಳಿಯುವುದೇ ಬೇಡ, ಊಟ ಮೇಲೆಯೇ ಕಳುಹಿಸಿ' ಎಂದು ಅವರು ಹೇಳತೊಡಗಿದರೆ, ಲಕ್ಷಗಟ್ಟಲೆ ಕೊಟ್ಟು ತಂದ ಯಂತ್ರ ಮನೆಯ ಅಲಂಕಾರವಾಗುತ್ತದೆ. ಹಿರಿಯರಿಗೆ ಬಂಧುಗಳ ಭೇಟಿ, ಅಂಗಳದ ಬಿಸಿಲು, ಮಕ್ಕಳ ಗಲಾಟೆ ಎಲ್ಲವೂ ದೂರವಾಗುತ್ತವೆ. ಆದ್ದರಿಂದ ಹಣ ಕಳುಹಿಸುವ ಮಗ ಒಬ್ಬನಿದ್ದರೆ, ಸ್ವಿಚ್ ನೋಡುವ ಇನ್ನೊಬ್ಬರು ಮನೆಯಲ್ಲಿರಲಿ. ಅವರು ಸೊಸೆಯಾಗಿರಬಹುದು, ಹೈಸ್ಕೂಲಿಗೆ ಹೋಗುವ ಮೊಮ್ಮಗನಾಗಿರಬಹುದು. ಅವರ ಹೆಸರು, ಕಂಪೆನಿಯ ಫೋನ್ ಸಂಖ್ಯೆ, ಕಳೆದ ಸರ್ವೀಸಿನ ದಿನಾಂಕ ಇವಿಷ್ಟನ್ನೂ ಬರೆದು ಮೆಟ್ಟಿಲ ಬದಿಯಲ್ಲಿ ಇಂದೇ ತೂಗುಹಾಕಿರಿ.