ನರ್ಸ್ ಪ್ರಾಕ್ಟೀಷನರ್ ಶಿಕ್ಷಣ (ಕರ್ನಾಟಕ)

ನರ್ಸ್ ಪ್ರಾಕ್ಟೀಷನರ್ ಎಂದರೆ ನೋಂದಾಯಿತ ಶುಶ್ರೂಷಕಿ ಅಥವಾ ಶುಶ್ರೂಷಕನು ಉನ್ನತ ತರಬೇತಿ ಪಡೆದು, ರೋಗಿಯ ತಪಾಸಣೆ, ಪರೀಕ್ಷಾ ವರದಿಗಳ ವಿಶ್ಲೇಷಣೆ ಮತ್ತು ನಿಗದಿತ ಮಿತಿಯೊಳಗಿನ ಚಿಕಿತ್ಸೆಯನ್ನು ನಿರ್ವಹಿಸುವ ವೃತ್ತಿಪರ ಹುದ್ದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಪ್ರತ್ಯೇಕ ಪರವಾನಗಿಯುಳ್ಳ ವೃತ್ತಿಯಾಗಿದೆ. ಭಾರತದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಸ್ನಾತಕೋತ್ತರ ಶಿಕ್ಷಣವಾಗಿ ಇದು 2010ರ ದಶಕದ ಉತ್ತರಾರ್ಧದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಈ ಶಿಕ್ಷಣಕ್ಕೆ ಪ್ರವೇಶ ಪಡೆಯುವ ಅರ್ಹತೆಯೂ, ಅದಕ್ಕೆ ಮುಂಚಿನ ಪದವಿಗೆ ಸಾಲ ದೊರೆಯುವುದೂ ಬಹುಮಟ್ಟಿಗೆ ಒಂದೇ ಅಂಶವನ್ನು ಅವಲಂಬಿಸಿವೆ: ವಿದ್ಯಾರ್ಥಿಯು ಮೊದಲ ಪದವಿ ಓದಿದ ಕಾಲೇಜಿನ ಮಾನ್ಯತೆ.

ಹಿನ್ನೆಲೆ

ನರ್ಸ್ ಪ್ರಾಕ್ಟೀಷನರ್ ಶಿಕ್ಷಣದ ಮೊದಲ ಕಾರ್ಯಕ್ರಮವನ್ನು 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುಶ್ರೂಷಾ ಶಿಕ್ಷಕಿ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಆರಂಭಿಸಿದರು. ವೈದ್ಯರ ಕೊರತೆಯಿದ್ದ ಪ್ರದೇಶಗಳ ಮಕ್ಕಳಿಗೆ ಆರೋಗ್ಯ ಸೇವೆ ಒದಗಿಸುವುದು ಅದರ ಉದ್ದೇಶವಾಗಿತ್ತು.

ಭಾರತದಲ್ಲಿ 2017ರ ರಾಷ್ಟ್ರೀಯ ಆರೋಗ್ಯ ನೀತಿಯು ನರ್ಸ್ ಪ್ರಾಕ್ಟೀಷನರ್ ವೃಂದವನ್ನು ರಚಿಸುವ ಸಲಹೆಯನ್ನು ಒಳಗೊಂಡಿದೆ. ಭಾರತೀಯ ಶುಶ್ರೂಷಾ ಪರಿಷತ್ತು ಎರಡು ವರ್ಷಗಳ 'ತೀವ್ರ ನಿಗಾ ನರ್ಸ್ ಪ್ರಾಕ್ಟೀಷನರ್' ಸ್ನಾತಕೋತ್ತರ ರೆಸಿಡೆನ್ಸಿ ಕಾರ್ಯಕ್ರಮವನ್ನು ರೂಪಿಸಿತು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಪ್ರಸೂತಿ ಸೇವೆಗಳ ಮಾರ್ಗಸೂಚಿಯನ್ನು ಪ್ರಕಟಿಸಿ, 18 ತಿಂಗಳ 'ಪ್ರಸೂತಿ ನರ್ಸ್ ಪ್ರಾಕ್ಟೀಷನರ್' ತರಬೇತಿಗೆ ದಾರಿ ಮಾಡಿತು. ನೆರೆಯ ತೆಲಂಗಾಣದಲ್ಲಿ ಇದಕ್ಕೆ ಮೊದಲೇ, 2017ರಲ್ಲಿ, ಸರ್ಕಾರಿ ಶುಶ್ರೂಷಕಿಯರಿಗೆ ಇಂಥ ಪ್ರಸೂತಿ ತರಬೇತಿ ಆರಂಭವಾಗಿತ್ತು.

ಹೆಸರು ಒಂದೇ ಆದರೂ ಎರಡು ದೇಶಗಳಲ್ಲಿ ಅಧಿಕಾರದ ವ್ಯಾಪ್ತಿ ಬೇರೆ. ಅಮೆರಿಕದ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಔಷಧ ಬರೆದುಕೊಡಬಹುದು. ಭಾರತದಲ್ಲಿ ಆಸ್ಪತ್ರೆಯು ಲಿಖಿತವಾಗಿ ಒಪ್ಪಿದ ಶಿಷ್ಟಾಚಾರಗಳ ಪ್ರಕಾರವಷ್ಟೇ ಔಷಧ ನೀಡುವ, ಪರೀಕ್ಷೆ ಮಾಡಿಸುವ ಅವಕಾಶವಿದೆ. ಸ್ವತಂತ್ರ ಚಿಕಿತ್ಸಾಲಯ ತೆರೆಯುವ ಉದ್ದೇಶದಿಂದ ಈ ಶಿಕ್ಷಣಕ್ಕೆ ಸೇರುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರುವುದು ಅಗತ್ಯ.

ವೇಗದ ಶಿಕ್ಷಣಕ್ರಮ ಮತ್ತು ಭಾರತದ ಸ್ಥಿತಿ

ಅಮೆರಿಕದಲ್ಲಿ ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ 11ರಿಂದ 18 ತಿಂಗಳಲ್ಲಿ ಶುಶ್ರೂಷಾ ಪದವಿ ನೀಡುವ 'ಆಕ್ಸಿಲರೇಟೆಡ್' ಕಾರ್ಯಕ್ರಮಗಳಿವೆ. ಅದೇ ಹಿನ್ನೆಲೆಯವರನ್ನು ಸುಮಾರು ಮೂರು ವರ್ಷಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಹಂತಕ್ಕೆ ತಲುಪಿಸುವ ನೇರ ಪ್ರವೇಶದ ಸ್ನಾತಕೋತ್ತರ ಕಾರ್ಯಕ್ರಮಗಳೂ ಇವೆ. ಭಾರತದಲ್ಲಿ ಇವಕ್ಕೆ ಸಮಾನವಾದುದು ಇಲ್ಲ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವರು ಶುಶ್ರೂಷಕಿಯಾಗಬೇಕೆಂದರೆ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್‌ನ ಮೊದಲ ವರ್ಷದಿಂದಲೇ ಆರಂಭಿಸಬೇಕು. ಹಿಂದಿನ ಪದವಿಗೆ ಯಾವ ರಿಯಾಯಿತಿಯೂ ಇಲ್ಲ.

ಇಲ್ಲಿ 'ವೇಗದ ದಾರಿ' ಎಂದು ಕರೆಯಬಹುದಾದವು ಎರಡು. ಮೊದಲನೆಯದು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಜಿ.ಎನ್.ಎಂ. ಡಿಪ್ಲೊಮಾ ಪಡೆದು ನೋಂದಾಯಿತರಾದವರು ಎರಡು ವರ್ಷಗಳಲ್ಲಿ ಇದರ ಮೂಲಕ ಪದವಿ ಪಡೆಯುತ್ತಾರೆ. ಮೂರು ವರ್ಷಗಳ ಜಿ.ಎನ್.ಎಂ. ಶಿಕ್ಷಣಕ್ಕೆ ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ಓದಿದವರೂ ಅರ್ಹರು. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಕಡ್ಡಾಯವಾದ್ದರಿಂದ, ವಿಜ್ಞಾನ ಓದದವರಿಗೆ ಜಿ.ಎನ್.ಎಂ. ಒಂದೇ ಬಾಗಿಲು.

ಎರಡನೆಯದು ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೆ ಬೇಕಾದ ಆರು ತಿಂಗಳ ಸರ್ಟಿಫಿಕೇಟ್ ಶಿಕ್ಷಣ. ಆಯುಷ್ಮಾನ್ ಭಾರತ್ ಯೋಜನೆಯಡಿ 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸಿದಾಗ ಈ ಹುದ್ದೆ ಸೃಷ್ಟಿಯಾಯಿತು. ಇದು ನರ್ಸ್ ಪ್ರಾಕ್ಟೀಷನರ್ ಪದವಿಯಲ್ಲ. ಆದರೂ ಹಳ್ಳಿಯ ಮಟ್ಟದಲ್ಲಿ ರಕ್ತದೊತ್ತಡ, ಮಧುಮೇಹದ ತಪಾಸಣೆ ಮತ್ತು ಅನುಸರಣೆಯನ್ನು ಶುಶ್ರೂಷಕಿಯೇ ಮುನ್ನಡೆಸುವುದರಿಂದ, ಕೆಲಸದ ಸ್ವರೂಪದಲ್ಲಿ ಅದಕ್ಕೆ ಹತ್ತಿರವಾದುದು.

ಪ್ರವೇಶ

ತೀವ್ರ ನಿಗಾ ನರ್ಸ್ ಪ್ರಾಕ್ಟೀಷನರ್ ಶಿಕ್ಷಣಕ್ಕೆ ಸೇರಲು ಅಭ್ಯರ್ಥಿಯು ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಒಟ್ಟು ಶೇ. 55ಕ್ಕೆ ಕಡಿಮೆಯಿಲ್ಲದ ಅಂಕ ಪಡೆದಿರಬೇಕು. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಕನಿಷ್ಠ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿರಬೇಕು. ಆ ಅನುಭವ ತೀವ್ರ ನಿಗಾ ಘಟಕದ್ದಾದರೆ ಆದ್ಯತೆ ಉಂಟು. ಆಯ್ಕೆಯು ಪ್ರವೇಶ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ನಡೆಯುತ್ತದೆ. ಪಿಯುಸಿ ಮುಗಿಸಿದ ದಿನದಿಂದ ಲೆಕ್ಕ ಹಾಕಿದರೆ ಇದು ಏಳು ವರ್ಷಗಳ ದಾರಿ: ಪದವಿಗೆ ನಾಲ್ಕು, ಅನುಭವಕ್ಕೆ ಒಂದು, ರೆಸಿಡೆನ್ಸಿಗೆ ಎರಡು.

ನಿಯಮಾವಳಿಯಲ್ಲಿ ಇನ್ನೊಂದು ಷರತ್ತಿದೆ. ಬಿ.ಎಸ್ಸಿ. ಓದಿದ ಸಂಸ್ಥೆಯು ಭಾರತೀಯ ಶುಶ್ರೂಷಾ ಪರಿಷತ್ತಿನಿಂದ ಮಾನ್ಯತೆ ಪಡೆದಿರಬೇಕು. ಕರ್ನಾಟಕದಲ್ಲಿ ಈ ಷರತ್ತಿಗೆ ವಿಶೇಷ ಇತಿಹಾಸವಿದೆ. ಕಾಲೇಜುಗಳಿಗೆ ಮಾನ್ಯತೆ ನೀಡುವ ಅಧಿಕಾರ ಕೇಂದ್ರದ ಪರಿಷತ್ತಿನದೋ, ರಾಜ್ಯ ಸರ್ಕಾರ, ರಾಜ್ಯ ಶುಶ್ರೂಷಾ ಪರಿಷತ್ತು ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದೋ ಎಂಬ ವಿವಾದವು 2017ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ರಾಜ್ಯದ ಅನೇಕ ಕಾಲೇಜುಗಳ ಹೆಸರು ಕೇಂದ್ರ ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲಿ ಕಾಣದಾದಾಗ, ಕೇರಳದಿಂದ ಬಂದು ಇಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಊರಿನ ಬ್ಯಾಂಕುಗಳಿಂದ ಸಾಲ ಪಡೆಯುವುದು ಕಷ್ಟವಾಯಿತು. ಹೊರರಾಜ್ಯದ ನೋಂದಣಿ ಮತ್ತು ವಿದೇಶದ ಕೆಲಸದ ಬಗೆಗೂ ಆತಂಕ ಹುಟ್ಟಿತು. ಕಾನೂನಿನ ಅಧಿಕಾರ ಯಾರದೇ ಆಗಿರಲಿ, ಅದರ ಫಲವನ್ನು ಉಂಡವರು ವಿದ್ಯಾರ್ಥಿಗಳು. ಆದ್ದರಿಂದ ಕಾಲೇಜಿಗೆ ಸೇರುವ ಮುನ್ನ ಆ ವರ್ಷದ ಮಾನ್ಯತೆಯನ್ನು ಕೇಂದ್ರ ಪರಿಷತ್ತು, ರಾಜ್ಯ ಪರಿಷತ್ತು ಮತ್ತು ವಿಶ್ವವಿದ್ಯಾಲಯ ಈ ಮೂರೂ ಕಡೆ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಏಜೆಂಟರು ತೋರಿಸುವ ಹಳೆಯ ವರ್ಷದ ಪ್ರಮಾಣಪತ್ರ ಇದಕ್ಕೆ ಸಾಲದು.

ಪಶ್ಚಿಮ ಬೆಂಗಳೂರಿನಲ್ಲಿ

ಬೆಂಗಳೂರಿನ ಪಶ್ಚಿಮ ಅಂಚಿನ ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಯ ಆಸುಪಾಸಿನಲ್ಲಿ, ಅಂದರೆ ಸುಂಕದಕಟ್ಟೆ, ಅಂಜನಾನಗರ, ಶ್ರೀಗಂಧದ ಕಾವಲ್, ಕೆಂಗೇರಿ ಭಾಗಗಳಲ್ಲಿ, ಹಲವು ಖಾಸಗಿ ನರ್ಸಿಂಗ್ ಕಾಲೇಜುಗಳಿವೆ. ಪೀಣ್ಯ ಮತ್ತು ರಾಜಾಜಿನಗರದ ಕೈಗಾರಿಕೆಗಳನ್ನು ನಂಬಿ ಬಂದ ಕುಟುಂಬಗಳು ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿವೆ.

ಇಂಥ ಕಾಲೇಜುಗಳಲ್ಲಿ ಬಿ.ಎಸ್ಸಿ. ಓದುವುದು ಸುಲಭ, ನರ್ಸ್ ಪ್ರಾಕ್ಟೀಷನರ್ ಓದುವುದು ಹಾಗಲ್ಲ. ರೆಸಿಡೆನ್ಸಿಯ ಬಹುಪಾಲು ಸಮಯ ರೋಗಿಯ ಹಾಸಿಗೆಯ ಪಕ್ಕದಲ್ಲೇ ಕಳೆಯುವುದರಿಂದ, ಅದನ್ನು ನಡೆಸುವ ಸಂಸ್ಥೆಗೆ ಹಲವು ಹಾಸಿಗೆಗಳ ತೀವ್ರ ನಿಗಾ ಘಟಕಗಳುಳ್ಳ ದೊಡ್ಡ ಮಾತೃ ಆಸ್ಪತ್ರೆ ಇರಬೇಕು. ಕಲಿಸಲು ತೀವ್ರ ನಿಗಾ ತಜ್ಞ ವೈದ್ಯರೂ ಹಿರಿಯ ಶುಶ್ರೂಷಾ ಮಾರ್ಗದರ್ಶಕರೂ ಬೇಕು. ಸ್ವಂತ ಆಸ್ಪತ್ರೆಯಿಲ್ಲದೆ, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಬೇರೆಡೆ ಕಳುಹಿಸಿ ಪ್ರಾಯೋಗಿಕ ತರಬೇತಿ ಕೊಡಿಸುವ ಕಾಲೇಜಿಗೆ ಇದು ಸಾಧ್ಯವಿಲ್ಲ. ಹಾಗಾಗಿ ಈ ಭಾಗದ ವಿದ್ಯಾರ್ಥಿಯೊಬ್ಬರು ಪದವಿಯನ್ನು ಮನೆಯ ಹತ್ತಿರ ಮುಗಿಸಿದರೂ, ಅನುಭವದ ವರ್ಷವನ್ನು ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕಳೆದು ಅಲ್ಲಿಂದ ಮುಂದಕ್ಕೆ ಅರ್ಜಿ ಹಾಕುವುದು ವಾಡಿಕೆಯ ಕ್ರಮಕ್ಕೆ ಹೊಂದುತ್ತದೆ.

ಕಾರ್ಮಿಕ ಕುಟುಂಬಗಳಿಗೆ ಇನ್ನೊಂದು ಅವಕಾಶವಿದೆ. ಇದು ತಿಳಿದವರು ಕಡಿಮೆ. ಕಾರ್ಮಿಕ ರಾಜ್ಯ ವಿಮಾ ನಿಗಮದ (ಇಎಸ್ಐಸಿ) ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ಇಂದಿರಾನಗರ ಮತ್ತು ಕಲಬುರಗಿಯಲ್ಲಿವೆ. ಅಲ್ಲಿನ ಬಿ.ಎಸ್ಸಿ. ಸೀಟುಗಳಲ್ಲಿ ಒಂದು ಭಾಗ ವಿಮಾದಾರ ಕಾರ್ಮಿಕರ ಮಕ್ಕಳಿಗೆ ಮೀಸಲು. ತಂದೆ ಅಥವಾ ತಾಯಿಯ ವಿಮಾ ದಾಖಲೆಯ ಆಧಾರದಲ್ಲಿ ನಿಗಮವು ಇದಕ್ಕಾಗಿ ಪ್ರಮಾಣಪತ್ರ ನೀಡುತ್ತದೆ.

ವೆಚ್ಚ ಮತ್ತು ಹಣಕಾಸು

ರೆಸಿಡೆನ್ಸಿಯ ಹಣದ ಲೆಕ್ಕ ಸಾಮಾನ್ಯ ಸ್ನಾತಕೋತ್ತರ ಪದವಿಯ ಲೆಕ್ಕಕ್ಕಿಂತ ಭಿನ್ನ. ಪರಿಷತ್ತಿನ ನಿಯಮದ ಪ್ರಕಾರ, ಸೇವೆಯಲ್ಲಿರುವ ಅಭ್ಯರ್ಥಿಗೆ ಓದುವ ಅವಧಿಯಲ್ಲೂ ಎಂದಿನ ಸಂಬಳ ಸಿಗಬೇಕು. ಹೊರಗಿನಿಂದ ಬಂದವರಿಗೆ ಆ ಆಸ್ಪತ್ರೆಯ ವೇತನ ಶ್ರೇಣಿಗೆ ಅನುಗುಣವಾಗಿ ಶಿಷ್ಯವೇತನ ಅಥವಾ ಸಂಬಳ ಕೊಡಬೇಕು. ವಿದ್ಯಾರ್ಥಿಯು ಪಾಳಿಯಲ್ಲಿ ದುಡಿಯುತ್ತಲೇ ಕಲಿಯುವುದು ಇದಕ್ಕೆ ಕಾರಣ. ಪ್ರವೇಶ ಪತ್ರಕ್ಕೆ ಸಹಿ ಮಾಡುವ ಮುನ್ನ ತಿಂಗಳ ಮೊತ್ತವನ್ನು ಬರವಣಿಗೆಯಲ್ಲಿ ಪಡೆಯುವುದು ಉಚಿತ, ಏಕೆಂದರೆ ನಿಯಮವು ಮೊತ್ತವನ್ನು ಹೇಳದೆ ಆಸ್ಪತ್ರೆಗೆ ಬಿಟ್ಟಿದೆ. ಸರ್ಕಾರಿ ಶುಶ್ರೂಷಾಧಿಕಾರಿಗಳಿಗೆ ಇಲಾಖೆಯ ನಿಯೋಜನೆಯ ಮೇಲೆ ಉನ್ನತ ಶಿಕ್ಷಣಕ್ಕೆ ಹೋಗುವ ದಾರಿಯೂ ಇದೆ.

ಹೀಗಾಗಿ ನಿಜವಾದ ಹೊರೆ ಬೀಳುವುದು ಅದಕ್ಕೆ ಮುಂಚಿನ ನಾಲ್ಕು ವರ್ಷಗಳ ಪದವಿಯ ಮೇಲೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುವ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಶುಲ್ಕದಲ್ಲಿ ದೊಡ್ಡ ಅಂತರವಿರುತ್ತದೆ. ಹಾಸ್ಟೆಲ್, ಸಮವಸ್ತ್ರ, ಆಸ್ಪತ್ರೆ ತರಬೇತಿಯ ಶುಲ್ಕ ಇವು ಇದರ ಹೊರಗಿನವು.

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ. ಸಾಲ ಖಾತರಿ ನಿಧಿಯ ಬೆಂಬಲವಿದ್ದರೆ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಕೊಡಬಹುದು. ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಉದಾಹರಣೆಗೆ, ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷಗಳ ಆರಂಭದಲ್ಲಿ ಸಾಲ ಪಡೆದು ಶೇ. 10ರ ಸರಳ ಬಡ್ಡಿ ಎಂದುಕೊಂಡರೆ, ಐದನೆಯ ವರ್ಷದ ಕೊನೆಗೆ 1.4 ಲಕ್ಷ ಬಡ್ಡಿ ಸೇರಿ ಸಾಲ 5.4 ಲಕ್ಷವಾಗಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ಅದೇ ದರದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ರೂಪಾಯಿ ಬೇಕು.

ಈ 1.4 ಲಕ್ಷವನ್ನು ಇಲ್ಲವಾಗಿಸಲು ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯಿದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದರೆ, ಕಂತಿಲ್ಲದ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಆದರೆ ರಾಷ್ಟ್ರೀಯ ಮೌಲ್ಯಾಂಕನದ ವ್ಯಾಪ್ತಿಗೆ ಬಾರದ ನರ್ಸಿಂಗ್ ಸಂಸ್ಥೆಗಳ ವಿಷಯದಲ್ಲಿ ಯೋಜನೆಯ ನಿಯಮವು ಶುಶ್ರೂಷಾ ಪರಿಷತ್ತಿನ ಅನುಮೋದನೆಯನ್ನು ಕೇಳುತ್ತದೆ. ಮಾನ್ಯತೆಯ ಪ್ರಶ್ನೆ ಇಲ್ಲಿಯೂ ಎದುರಾಗುತ್ತದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯು 8 ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿ ನೀಡುತ್ತದೆ. ಅದು ರಾಷ್ಟ್ರೀಯ ಶ್ರೇಯಾಂಕದ ಆಧಾರದಲ್ಲಿ ಆಯ್ಕೆಯಾದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವುದರಿಂದ, ಬಡಾವಣೆಯ ಸಣ್ಣ ಕಾಲೇಜಿನ ವಿದ್ಯಾರ್ಥಿಗೆ ಹೆಚ್ಚು ಉಪಯೋಗವಾಗದು.

ರಾಜ್ಯದ ನೆರವಿನ ಬಹುಪಾಲು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕ ಹಂಚಿಕೆಯಾಗುತ್ತದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಡಿ ರೈತರ ಮಕ್ಕಳಲ್ಲಿ ನರ್ಸಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 7,500 ಮತ್ತು ಹುಡುಗಿಯರಿಗೆ 8,000 ರೂಪಾಯಿ, ಸ್ನಾತಕೋತ್ತರ ಹಂತದಲ್ಲಿ ಕ್ರಮವಾಗಿ 10,000 ಮತ್ತು 11,000 ರೂಪಾಯಿ ನಿಗದಿಯಾಗಿತ್ತು. ಸರ್ಕಾರಿ ಹಾಸ್ಟೆಲ್‌ನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯು ಊಟ ಮತ್ತು ವಸತಿಗಾಗಿ ಹತ್ತು ತಿಂಗಳು ನೆರವು ನೀಡುತ್ತದೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಕಲಿಕಾ ಭಾಗ್ಯ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಆಯಾ ಅಭಿವೃದ್ಧಿ ನಿಗಮಗಳ ಅರಿವು ಸಾಲ ಇವೆ. ಮರುಪಾವತಿಯ ವರ್ಷಗಳಲ್ಲಿ, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು ಕಟ್ಟಿದ ಬಡ್ಡಿಯನ್ನು ಆದಾಯ ತೆರಿಗೆ ಕಾಯ್ದೆಯ 80ಇ ವಿಧಿಯಡಿ ಎಂಟು ವರ್ಷಗಳವರೆಗೆ ಕಳೆಯಬಹುದಾಗಿತ್ತು.

ವಿದೇಶದ ದಾರಿ

ಕರ್ನಾಟಕದಲ್ಲಿ ಪದವಿ ಪಡೆದವರು ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಬೇಕಾದರೆ ಮೊದಲು ಅಲ್ಲಿನ ನೋಂದಾಯಿತ ನರ್ಸ್ ಆಗಬೇಕು. ಅಂಕಪಟ್ಟಿ ಮತ್ತು ನೋಂದಣಿಯ ಮೌಲ್ಯಮಾಪನ ಮುಗಿದ ಮೇಲೆ ಎನ್‌ಸಿಎಲ್‌ಇಎಕ್ಸ್ ಪರೀಕ್ಷೆ ಬರೆಯಬೇಕು. ಇದರ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಪರೀಕ್ಷಾ ಶುಲ್ಕ 200 ಡಾಲರ್. ಅಮೆರಿಕದ ಹೊರಗೆ ಬರೆಯುವವರಿಗೆ ಅದರ ಮೇಲೆ 150 ಡಾಲರ್. ನಂತರವೇ ಸ್ನಾತಕೋತ್ತರ ಪ್ರವೇಶ. ಭಾರತದ ತೀವ್ರ ನಿಗಾ ನರ್ಸ್ ಪ್ರಾಕ್ಟೀಷನರ್ ಪದವಿ ಅಲ್ಲಿ ನೇರವಾಗಿ ಪರವಾನಗಿ ತಂದುಕೊಡುವುದಿಲ್ಲ. ಅಮೆರಿಕದ ಅನೇಕ ಆಸ್ಪತ್ರೆಗಳು ತಮ್ಮಲ್ಲಿ ದುಡಿಯುವ ನರ್ಸ್‌ಗಳ ಉನ್ನತ ಶಿಕ್ಷಣದ ಶುಲ್ಕದಲ್ಲಿ ಒಂದು ಪಾಲನ್ನು ಭರಿಸುತ್ತವೆ. ಆದ್ದರಿಂದ ಮೊದಲು ಕೆಲಸಕ್ಕೆ ಸೇರಿ ಅನಂತರ ಓದುವವರಿಗೆ ಸಾಲದ ಪ್ರಮಾಣ ಕಡಿಮೆಯಾಗುತ್ತದೆ.

ಕಾನೂನಿನ ಸ್ಥಿತಿ

1947ರ ಭಾರತೀಯ ಶುಶ್ರೂಷಾ ಪರಿಷತ್ತು ಕಾಯ್ದೆಯ ಸ್ಥಾನಕ್ಕೆ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ತೀವ್ರ ನಿಗಾ ನರ್ಸ್ ಪ್ರಾಕ್ಟೀಷನರ್ ಪದವೀಧರರ ಅರ್ಹತೆಯನ್ನು ರಾಜ್ಯ ಪರಿಷತ್ತು ಅವರ ನೋಂದಣಿಗೆ ಸೇರುವ ಹೆಚ್ಚುವರಿ ವಿದ್ಯಾರ್ಹತೆಯಾಗಿ ದಾಖಲಿಸುತ್ತದೆ.