ವಿದ್ಯುತ್ ಚಾಲಿತ ಮಾದರಿ ವಿಮಾನ: ಮೋಟಾರ್ ಮತ್ತು ಬ್ಯಾಟರಿ ಅಳವಡಿಕೆ ಕುರಿತು ಮಾಹಿತಿ

ಮಾದರಿ ವಿಮಾನ ತಯಾರಿಸುವ ವಿದ್ಯಾರ್ಥಿಗಳು, ಪೋಷಕರು ಹಾಗೂ ಆಸಕ್ತ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅಳವಡಿಕೆಯಲ್ಲಿ ಲೋಪವಾದಲ್ಲಿ ವಿಮಾನವು ನಷ್ಟವಾಗುವುದಲ್ಲದೆ, ಬೆಂಕಿ ಅವಘಡ ಹಾಗೂ ಕೈಬೆರಳುಗಳಿಗೆ ತೀವ್ರ ಗಾಯವಾಗುವ ಸಂಭವವಿರುತ್ತದೆ.

1. ಮೋಟಾರ್: ವಿಮಾನದ ಮೂತಿಯಲ್ಲಿರುವ ಪ್ಲೈವುಡ್ ಫಲಕಕ್ಕೆ ಮೋಟಾರನ್ನು ತಿರುಪುಗಳಿಂದ ಬಿಗಿಗೊಳಿಸತಕ್ಕದ್ದು. ಕಂಪನದಿಂದ ತಿರುಪುಗಳು ಸಡಿಲಗೊಳ್ಳುವುದರಿಂದ ಅವುಗಳಿಗೆ ತಿರುಪು ಹಿಡಿಯುವ ಅಂಟು ಬಳಸುವುದು ಸೂಕ್ತ. ಪ್ರೊಪೆಲ್ಲರ್ ತಿರುಗುವಿಕೆಯ ಪರಿಣಾಮವನ್ನು ಸರಿದೂಗಿಸಲು ಅನೇಕ ನಕ್ಷೆಗಳಲ್ಲಿ ಮೋಟಾರನ್ನು ಕೆಲವು ಡಿಗ್ರಿ ಬಲಕ್ಕೂ ಕೆಳಕ್ಕೂ ಓರೆಯಾಗಿಸಲಾಗಿರುತ್ತದೆ. ಇದನ್ನು ದೋಷವೆಂದು ಭಾವಿಸಿ ನೇರಗೊಳಿಸಬಾರದು.

2. ವೇಗ ನಿಯಂತ್ರಕ: ಇದರ ಸಾಮರ್ಥ್ಯವು ಮೋಟಾರ್ ಸೆಳೆಯುವ ಗರಿಷ್ಠ ವಿದ್ಯುತ್ತಿಗಿಂತ ಹೆಚ್ಚಿರಬೇಕು. ಉದಾಹರಣೆಗೆ, 30 ಆಂಪಿಯರ್ ಸೆಳೆಯುವ ಮೋಟಾರಿಗೆ 40 ಆಂಪಿಯರ್ ನಿಯಂತ್ರಕ ಸೂಕ್ತ. ಇದನ್ನು ಗಾಳಿ ಹಾಯುವ ಕಡೆ ಇರಿಸಿ, ಗಾಳಿ ಒಳಬರುವ ರಂಧ್ರಕ್ಕಿಂತ ಹೊರಹೋಗುವ ರಂಧ್ರವನ್ನು ದೊಡ್ಡದಾಗಿಸಬೇಕು. ಬ್ಯಾಟರಿಯಿಂದ ನಿಯಂತ್ರಕಕ್ಕೆ ಬರುವ ತಂತಿಗಳು ಗಿಡ್ಡವಾಗಿರಬೇಕು. ಮೋಟಾರ್ ವಿರುದ್ಧ ದಿಕ್ಕಿನಲ್ಲಿ ತಿರುಗಿದಲ್ಲಿ, ಅದರ ಮೂರು ತಂತಿಗಳ ಪೈಕಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಆದರೆ ಬ್ಯಾಟರಿಯ ಧನ ಮತ್ತು ಋಣ ತಂತಿಗಳನ್ನು ಎಂದಿಗೂ ಅದಲುಬದಲು ಮಾಡಕೂಡದು.

3. ಬ್ಯಾಟರಿ: ಇದು ಭಾರವಾದ ಭಾಗವಾದ್ದರಿಂದ ಇದನ್ನು ಹಿಂದೆ ಮುಂದೆ ಸರಿಸಿ ವಿಮಾನದ ಸಮತೋಲನ ಸಾಧಿಸಬಹುದು. ಆಯತಾಕಾರದ ರೆಕ್ಕೆಯ ಅಗಲ 200 ಮಿ.ಮೀ. ಇದ್ದಲ್ಲಿ, ಸಮತೋಲನ ಬಿಂದುವು ಸಾಮಾನ್ಯವಾಗಿ ಮುಂಅಂಚಿನಿಂದ 50ರಿಂದ 60 ಮಿ.ಮೀ. ಹಿಂದಿರುತ್ತದೆ. ಸ್ಥಾನ ನಿಗದಿಯಾದ ಬಳಿಕ ಬ್ಯಾಟರಿ ಜರುಗದಂತೆ ಪಟ್ಟಿಯಿಂದ ಬಿಗಿಯಬೇಕು. ಹಾರಾಟದಲ್ಲಿ ಬ್ಯಾಟರಿ ಹಿಂದಕ್ಕೆ ಜಾರಿದಲ್ಲಿ ವಿಮಾನವು ನಿಯಂತ್ರಣ ತಪ್ಪುತ್ತದೆ.

4. ಪರೀಕ್ಷೆ: ಪ್ರೊಪೆಲ್ಲರನ್ನು ತೆಗೆದಿರಿಸಿಯೇ ಪರೀಕ್ಷೆ ನಡೆಸತಕ್ಕದ್ದು. ಮೊದಲು ಟ್ರಾನ್ಸ್‌ಮಿಟರ್ ಚಾಲೂ ಮಾಡಿ, ನಂತರ ಬ್ಯಾಟರಿ ಜೋಡಿಸಬೇಕು. ಟ್ರಾನ್ಸ್‌ಮಿಟರ್ ಸ್ಥಗಿತಗೊಳಿಸಿದಾಗ ಮೋಟಾರ್ ತಾನಾಗಿಯೇ ನಿಲ್ಲುವುದನ್ನು ಖಚಿತಪಡಿಸಿಕೊಳ್ಳಬೇಕು.

5. ಚಾರ್ಜಿಂಗ್: ಸಾಮಾನ್ಯ ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಕೋಶವು 4.2 ವೋಲ್ಟ್ ಮೀರಬಾರದು, 3 ವೋಲ್ಟ್‌ಗಿಂತ ಇಳಿಯಲೂಬಾರದು. ಅದಕ್ಕೆಂದೇ ಇರುವ ಚಾರ್ಜರ್ ಬಳಸಿ, ಚಾರ್ಜ್ ಆಗುವಾಗ ಸಮೀಪದಲ್ಲಿಯೇ ಇರತಕ್ಕದ್ದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

6. ಹಾರಾಟದ ಸ್ಥಳ: ಡ್ರೋನ್ ನಿಯಮಗಳು, 2021ರ ಪ್ರಕಾರ ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಹಾಗೂ ಹಳದಿ ವಲಯದಲ್ಲಿ ಸಂಬಂಧಪಟ್ಟ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ. ಆದ್ದರಿಂದ ಮೈದಾನ ಆಯ್ಕೆ ಮಾಡುವ ಮುನ್ನ ವಾಯುಪ್ರದೇಶದ ನಕ್ಷೆಯನ್ನು ಪರಿಶೀಲಿಸತಕ್ಕದ್ದು.

ಮೇಲ್ಕಂಡ ಅಂಶಗಳನ್ನು ಪ್ರತಿ ಹಾರಾಟಕ್ಕೂ ಮುನ್ನ ಪರಿಶೀಲಿಸಲು ಹಾಗೂ ಮಕ್ಕಳು ಹಿರಿಯರ ಸಮಕ್ಷಮದಲ್ಲಿಯೇ ವಿಮಾನ ಹಾರಿಸುವಂತೆ ನೋಡಿಕೊಳ್ಳಲು ಕೋರಲಾಗಿದೆ.