ಖಾಡಿ ದಂಡೆಯಲ್ಲಿ ಪರಿಸರ ಪಾಠ

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1991ರಲ್ಲಿ. ಬಳಿಕ ಯುಜಿಸಿಯು ಎಲ್ಲ ಪದವಿ ತರಗತಿಗಳಿಗೆ ರೂಪಿಸಿದ ಪಠ್ಯಕ್ರಮದಲ್ಲಿ 100 ಅಂಕಗಳ ಪೈಕಿ 25ನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಟ್ಟಿತು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮವರ ಮಕ್ಕಳು ಇದಕ್ಕಾಗಿ ದೂರ ಹೋಗಬೇಕಿಲ್ಲ.

2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಥಾಣೆ ಖಾಡಿಗೆ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ಅಲ್ಲಿನ ಕೆಸರಿನಲ್ಲಿ ಗಾಳಿಯಿಲ್ಲ. ಅದಕ್ಕೇ ಕಾಂಡ್ಲಾ ಗಿಡ ಬೇರನ್ನು ಮೇಲಕ್ಕೆ ಚಾಚಿ ಉಸಿರಾಡುತ್ತದೆ. ಅತ್ತ ಕಲ್ಯಾಣದಲ್ಲಿ ಕಾರ್ಖಾನೆಗಳ ಕೊಳೆ ಹೊತ್ತ ವಾಲ್ಧುನಿ, ಉಲ್ಲಾಸ್ ನದಿಯನ್ನು ಸೇರುತ್ತದೆ. ಈ ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯಲು ದಂಡೆಯಲ್ಲೇ ರಾಸಾಯನಿಕ ಬೆರೆಸಬೇಕು. ಕಾಲೇಜಿಗೆ ಒಯ್ಯುವಷ್ಟರಲ್ಲಿ ಲೆಕ್ಕ ಬದಲಾಗುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಪ್ರಾಜೆಕ್ಟ್‌ನಿಂದ ಅಂಕ ದೊರೆತೀತು, ಈ ತಿಳಿವಳಿಕೆ ದೊರೆಯದು. ಮಕ್ಕಳು ಕಾಲಿಗೆ ಕೆಸರು ಮೆತ್ತಿಕೊಂಡು ಬಂದರೆ ಹೆತ್ತವರು ಗದರದಿರಲಿ.